ಆಲಿಸುವ ನೆಲೆ, ಸುಡುವ ಯಂತ್ರ: ‘ಸ್ಟಾಕರ್’ ಆಟದ ಬ್ರೈನ್ ಸ್ಕಾರ್ಚರ್ ಕುರಿತು ಒಂದು ಪ್ರಕರಣ ಅಧ್ಯಯನ

ಉಕ್ರೇನಿನ ಜಿಎಸ್‌ಸಿ ಗೇಮ್ ವರ್ಲ್ಡ್ ಸಂಸ್ಥೆ 2007ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ‘ಸ್ಟಾಕರ್: ಶ್ಯಾಡೋ ಆಫ್ ಚೆರ್ನೋಬಿಲ್’ ಎಂಬ ವಿಡಿಯೋ ಗೇಮ್‌ನಲ್ಲಿ, ಚೆರ್ನೋಬಿಲ್ ಸ್ಥಾವರದ ಬಳಿಯ ನಿರ್ಜನ ಪ್ರಿಪ್ಯಾತ್ ನಗರಕ್ಕೆ ಹೋಗುವ ದಾರಿಯನ್ನು ಅಡ್ಡಗಟ್ಟಿಕೊಂಡು ‘ರೇಡಾರ್’ ಎಂಬ ಪ್ರದೇಶವೊಂದಿದೆ. ಶೀತಲ ಸಮರದ ಕಾಲದ ಸೇನಾ ನೆಲೆಯ ಅವಶೇಷದಂತೆ ಕಾಣುವ ಈ ಜಾಗದಲ್ಲಿ ಎತ್ತರದ ಆಂಟೆನಾಗಳ ಸಮೂಹವೊಂದು ನಿಂತಿದೆ. ಆಟದೊಳಗಿನ ಜನ ಅದನ್ನು ಬ್ರೈನ್ ಸ್ಕಾರ್ಚರ್, ಅಂದರೆ ಮಿದುಳು ಸುಡುವ ಯಂತ್ರ, ಎಂದು ಕರೆಯುತ್ತಾರೆ. ರಕ್ಷಣೆಯಿಲ್ಲದೆ ಅದರ ವ್ಯಾಪ್ತಿಯೊಳಗೆ ಕಾಲಿಟ್ಟವರ ಬುದ್ಧಿ ಅಳಿದುಹೋಗುತ್ತದೆ ಎಂಬುದು ಆಟದ ಆರಂಭದಿಂದಲೂ ಕಿವಿಗೆ ಬೀಳುವ ಮಾತು. ಆ ಯಂತ್ರವನ್ನು ನಿಲ್ಲಿಸದೆ ಕಥೆ ಮುಂದುವರಿಯುವುದಿಲ್ಲ.

ಈ ಕಾಲ್ಪನಿಕ ನೆಲೆಯ ಹಿಂದೆ ನಿಜವಾದ ನೆಲೆಯೊಂದಿದೆ. ಚೆರ್ನೋಬಿಲ್ ಪರಮಾಣು ಸ್ಥಾವರದ ಸುತ್ತಲಿನ ನಿಷೇಧಿತ ವಲಯದ ಕಾಡಿನಲ್ಲಿ ಇಂದಿಗೂ ನಿಂತಿರುವ ‘ದುಗಾ’ ಎಂಬ ಸೋವಿಯತ್ ಮುನ್ನೆಚ್ಚರಿಕೆ ರೇಡಾರ್ ಈ ಕಲ್ಪನೆಗೆ ಸ್ಫೂರ್ತಿ. ಶತ್ರುವಿನ ಕ್ಷಿಪಣಿ ಹೊರಟ ಸುಳಿವನ್ನು ಹಿಡಿಯಲೆಂದು ಕಟ್ಟಿದ ವ್ಯವಸ್ಥೆಯೊಂದು ಆಟದಲ್ಲಿ ಮನುಷ್ಯರ ಬುದ್ಧಿಯನ್ನು ಅಳಿಸುವ ಆಯುಧವಾಗಿ ಹೇಗೆ ಬದಲಾಯಿತು, ಆ ಬದಲಾವಣೆಯಿಂದ ಆಟಕ್ಕೆ ದಕ್ಕಿದ್ದೇನು, ಕೈತಪ್ಪಿದ್ದೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಯಂತ್ರ ಕೆಲಸ ಮಾಡುವ ರೀತಿಯನ್ನು ಆಟ ಸಂಪೂರ್ಣವಾಗಿ ತಿರುಗಿಸಿಬಿಟ್ಟಿದೆ ಎಂಬುದು ನಿಜ. ಆದರೂ ಇಂಥ ನೆಲೆಯೊಂದು ತನ್ನನ್ನು ಎಂದೂ ಕಣ್ಣಾರೆ ಕಾಣದ ಜನರ ನಡೆನುಡಿಯನ್ನು ಆಳುವ ಬಗೆಯನ್ನು ಈ ಆಟದಷ್ಟು ಚೆನ್ನಾಗಿ ಹಿಡಿದ ಆಟಗಳು ವಿರಳ ಎಂಬುದು ನನ್ನ ವಾದ. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಈ ವಿಷಯವನ್ನು ಚರ್ಚಿಸಲಾಗದು. ಆಟವನ್ನು ಇನ್ನೂ ಆಡದವರು ಇದನ್ನು ಗಮನದಲ್ಲಿಟ್ಟುಕೊಂಡು ಓದಬೇಕು.

ನಿಜವಾದ ನೆಲೆ

ಸಾಮಾನ್ಯ ರೇಡಾರಿನ ಅಲೆಗಳು ನೇರ ರೇಖೆಯಲ್ಲಿ ಸಾಗುವುದರಿಂದ ಭೂಮಿಯ ಬಾಗುವಿಕೆಯ ಆಚೆ ಇರುವುದು ಅದಕ್ಕೆ ಕಾಣಿಸುವುದಿಲ್ಲ. ಖಂಡಾಂತರ ಕ್ಷಿಪಣಿಯೊಂದು ಹೊರಟು ಗುರಿ ಮುಟ್ಟಲು ಸುಮಾರು 30 ನಿಮಿಷ ಸಾಕು. ಅದು ದಿಗಂತದ ಮೇಲೆ ಎದ್ದು ಬರುವವರೆಗೂ ಕಾಯುವ ರೇಡಾರಿಗೆ ಉಳಿಯುವುದು ಅದರ ಅರ್ಧದಷ್ಟು ಸಮಯ. ಈ ಕೊರತೆ ನೀಗಿಸಲು ಸೋವಿಯತ್ ಎಂಜಿನಿಯರುಗಳು ಶಾರ್ಟ್‌ವೇವ್ ರೇಡಿಯೋ ಬಹಳ ಹಿಂದಿನಿಂದ ಬಳಸುತ್ತಿದ್ದ ಉಪಾಯವನ್ನೇ ಹಿಡಿದರು. ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ತಾಗಿ ಕೆಳಕ್ಕೆ ಬಾಗುವ ಅಲೆಗಳನ್ನು ದಿಗಂತದಾಚೆಗೆ ಕಳುಹಿಸಿ, ಅದೇ ಹಾದಿಯಲ್ಲಿ ಮರಳುವ ಅತಿ ಕ್ಷೀಣವಾದ ಪ್ರತಿಫಲನವನ್ನು ಹೆಕ್ಕಿ ತೆಗೆಯುವುದು ಆ ಉಪಾಯ. ನೂರಾರು ಕ್ಷಿಪಣಿಗಳು ಒಟ್ಟಿಗೆ ಮೇಲೇರಿದರೆ ಅವುಗಳ ಬಿಸಿ ಅನಿಲದ ಬಾಲ ಮತ್ತು ಅದು ಅಯಾನುಗೋಳದಲ್ಲಿ ಎಬ್ಬಿಸುವ ಕಲಕು ಈ ಪ್ರತಿಫಲನದಲ್ಲಿ ಗುರುತು ಮೂಡಿಸಬೇಕು ಎಂಬುದು ಲೆಕ್ಕಾಚಾರ.

ಫ್ರಾಂಜ್ ಕುಜ್ಮಿನ್‌ಸ್ಕಿ ಮುಖ್ಯ ವಿನ್ಯಾಸಕರಾಗಿದ್ದ ಈ ವ್ಯವಸ್ಥೆಯ ಸಂಕೇತಗಳು 1976ರ ಜುಲೈಯಲ್ಲಿ ಜಗತ್ತಿನಾದ್ಯಂತ ಕೇಳಿಬಂದವು. ಸೆಕೆಂಡಿಗೆ 10 ಬಾರಿ ಬಡಿಯುವ ಈ ಸದ್ದು ಶಾರ್ಟ್‌ವೇವ್ ಪ್ರಸಾರಗಳಿಗೂ ಹವ್ಯಾಸಿ ರೇಡಿಯೋದವರಿಗೂ ವಿಮಾನಯಾನದ ಸಂಪರ್ಕಕ್ಕೂ ಅಡ್ಡಿಯಾಯಿತು. ಕೇಳಿದವರು ಅದಕ್ಕೆ ‘ರಷ್ಯನ್ ಮರಕುಟಿಗ’ ಎಂದು ಹೆಸರಿಟ್ಟರು. ಹಲವು ದೇಶಗಳು ದೂರಿದರೂ ಸೋವಿಯತ್ ಸರಕಾರ ವಿವರಣೆ ಕೊಡಲಿಲ್ಲ. ವಿವರಣೆಯಿಲ್ಲದ ಜಾಗವನ್ನು ವದಂತಿ ತುಂಬಿತು: ಅದು ಹವಾಮಾನವನ್ನು ಬದಲಿಸುವ ಯಂತ್ರ ಎಂದವರಿದ್ದರು, ದೂರದ ಜನರ ಮನಸ್ಸನ್ನು ನಿಯಂತ್ರಿಸುವ ಯಂತ್ರ ಎಂದವರೂ ಇದ್ದರು. ಸಂಕೇತ ಕೊನೆಗೂ ನಿಂತದ್ದು 1989ರ ಡಿಸೆಂಬರ್‌ನಲ್ಲಿ.

ಈ ಪ್ರಕರಣಕ್ಕೆ ಅತ್ಯಂತ ಮುಖ್ಯವಾದ ಸಂಗತಿ ಮುಂದಿನದು. ಅಷ್ಟು ಬಲವಾದ ಪ್ರಸಾರ ಪಕ್ಕದಲ್ಲೇ ನಡೆಯುತ್ತಿದ್ದರೆ ಕ್ಷೀಣ ಪ್ರತಿಫಲನವನ್ನು ಆಲಿಸುವುದು ಅಸಾಧ್ಯವಾದ ಕಾರಣ ದುಗಾ ಎರಡು ಭಾಗವಾಗಿತ್ತು. ಅಲೆಗಳನ್ನು ಹೊರಡಿಸುವ ಪ್ರಸಾರಕ ಲ್ಯುಬೆಚ್ ಎಂಬಲ್ಲಿತ್ತು. ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಚೆರ್ನೋಬಿಲ್-2 ಎಂಬ ಗುಪ್ತ ಸೇನಾ ವಸತಿಯಲ್ಲಿ ಗ್ರಾಹಕ ಆಂಟೆನಾಗಳಿದ್ದವು. ಇಂದು ಛಾಯಾಚಿತ್ರಗಳಲ್ಲಿ ಕಾಣುವ, ಸುಮಾರು 150 ಮೀಟರ್ ಎತ್ತರದ ಉಕ್ಕಿನ ಗೋಡೆಯಂಥ ರಚನೆ ಈ ಗ್ರಾಹಕವೇ. ಅಂದರೆ ಬುದ್ಧಿ ಕೆಡಿಸುವ ಕಿರಣಗಳನ್ನು ಉಗುಳುತ್ತದೆ ಎಂದು ಜನ ಬೆರಳು ತೋರಿಸುವ ಆ ದೈತ್ಯ ಆಂಟೆನಾ ತನ್ನ ಕೆಲಸದ ಅವಧಿಯುದ್ದಕ್ಕೂ ಮಾಡಿದ್ದು ಆಲಿಸುವ ಕೆಲಸವನ್ನು ಮಾತ್ರ.

ಸೋವಿಯತ್ ನಕ್ಷೆಗಳಲ್ಲಿ ಆ ಜಾಗವನ್ನು ಮಕ್ಕಳ ಶಿಬಿರವೆಂದು ಗುರುತಿಸಲಾಗಿತ್ತು ಎಂದು ಅಲ್ಲಿಗೆ ಹೋಗುತ್ತಿದ್ದ ಪ್ರವಾಸಿಗರಿಗೆ ಹೇಳಲಾಗುತ್ತಿತ್ತು. 1986ರ ಏಪ್ರಿಲ್ 26ರಂದು ಪರಮಾಣು ಸ್ಥಾವರದ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿದಾಗ ಈ ನೆಲೆಯೂ ನಿಷೇಧಿತ ವಲಯದೊಳಗೆ ಸಿಲುಕಿತು. ಆ ಬಳಿಕ ಅದು ಮೊದಲಿನ ಕೆಲಸಕ್ಕೆ ಮರಳಲಿಲ್ಲ; 1989ರವರೆಗೂ ಕೇಳಿಬಂದದ್ದು ಸೋವಿಯತ್ ಒಕ್ಕೂಟದ ದೂರಪೂರ್ವದಲ್ಲಿದ್ದ ಇನ್ನೊಂದು ದುಗಾದ ಸಂಕೇತ.

ಆಟದಲ್ಲಿ ನಡೆದ ಬದಲಾವಣೆ

ಆಟ ತಯಾರಿಸಿದವರು ಕೀವ್ ನಗರದವರು. ವಲಯಕ್ಕೆ ಸ್ವತಃ ಹೋಗಿ, ಕಟ್ಟಡಗಳನ್ನು ಛಾಯಾಚಿತ್ರದಲ್ಲಿ ದಾಖಲಿಸಿ, ಅದರ ಆಧಾರದ ಮೇಲೆ ಪ್ರಿಪ್ಯಾತಿನ ಬೀದಿಗಳನ್ನು ಮರುಸೃಷ್ಟಿಸಿದವರು. ಆದ್ದರಿಂದ ರೇಡಾರಿನ ವಿಷಯದಲ್ಲಿ ಅವರು ನಿಜದಿಂದ ಸರಿದದ್ದನ್ನು ತಿಳಿವಳಿಕೆಯ ಕೊರತೆ ಎಂದು ತಳ್ಳಿಹಾಕುವುದು ಸರಿಯಾಗದು. ಅವರು ಯಂತ್ರದ ಚರಿತ್ರೆಯನ್ನು ಬದಿಗಿಟ್ಟು ಅದರ ಸುತ್ತ ಹಬ್ಬಿದ ವದಂತಿಯ ಚರಿತ್ರೆಯನ್ನು ಆರಿಸಿಕೊಂಡರು. ಎಪ್ಪತ್ತರ ದಶಕದ ರೇಡಿಯೋ ಕೇಳುಗ ಭಯಪಟ್ಟದ್ದು ಯಾವುದಕ್ಕೋ ಅದನ್ನು ಆಟದ ಲೋಕದಲ್ಲಿ ನಿಜ ಮಾಡಿದರು.

ಇದಕ್ಕೆ ಆಟದ ರಚನೆಗೆ ಸಂಬಂಧಿಸಿದ ಕಾರಣವೂ ಇದೆ. ಆಲಿಸುವ ಯಂತ್ರ ತನ್ನ ಎದುರಿಗಿರುವವನಿಗೆ ಏನನ್ನೂ ಮಾಡುವುದಿಲ್ಲ. ಗ್ರಾಹಕ ಆಂಟೆನಾದ ಅಡಿಯಲ್ಲಿ ನಿಂತ ಮನುಷ್ಯನಿಗೆ ಅದರಿಂದ ಅಪಾಯವಿಲ್ಲ. ಅದು ನೋಡುತ್ತಿರುವುದು ಸಾವಿರಾರು ಕಿಲೋಮೀಟರ್ ಆಚೆಗೆ. ಆಟಗಾರ ಹೆಜ್ಜೆ ಹೆಜ್ಜೆಗೂ ಆಯ್ಕೆ ಮಾಡುತ್ತ ಸಾಗಬೇಕಾದ ಮಾಧ್ಯಮದಲ್ಲಿ ಇಂಥ ಯಂತ್ರ ಬರಿಯ ಹಿನ್ನೆಲೆಯಾಗಿ ಉಳಿಯುತ್ತದೆ. 2010ರ ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್’ನ ‘ಗ್ರಿಡ್’ ಎಂಬ ಅಂಕಣದಲ್ಲಿ ದುಗಾ ಹಾಗೆಯೇ ಉಳಿದಿದೆ, ಅದರ ಸಮೀಪದಲ್ಲಿ ಗುಂಡಿನ ಕಾಳಗ ನಡೆಯುತ್ತದೆ, ರೇಡಾರ್ ಇರದಿದ್ದರೂ ಆ ಕಾಳಗ ಹಾಗೆಯೇ ನಡೆಯುತ್ತಿತ್ತು. ‘ಸ್ಟಾಕರ್’ ತಂಡ ಅಲೆಗಳ ದಿಕ್ಕನ್ನು ತಿರುಗಿಸಿದ್ದರಿಂದಲೇ ನೆಲೆಗೆ ಆಟಗಾರನೊಂದಿಗೆ ನೇರ ಸಂಬಂಧ ಬಂತು.

ನೆಲೆಯ ಉದ್ದೇಶವೂ ಇದರೊಂದಿಗೆ ತಿರುಗಿತು. ದುಗಾ ಕಾಯುತ್ತಿದ್ದುದು ಹೊರಗಿನಿಂದ ಬರುವ ಕ್ಷಿಪಣಿಗಳನ್ನು, ದೇಶವೊಂದರ ಪರವಾಗಿ. ಸ್ಕಾರ್ಚರ್ ಕಾಯುವುದು ವಲಯದ ಒಳತಿರುಳನ್ನು. ಪರಮಾಣು ಸ್ಥಾವರದ ಸುತ್ತ ಅಡಗಿರುವ, ಹಲವು ಮನುಷ್ಯರ ಮಿದುಳುಗಳನ್ನು ಒಂದಾಗಿಸಿ ರೂಪಿಸಿದ ಸಾಮೂಹಿಕ ಪ್ರಜ್ಞೆಯೊಂದು, ತನ್ನ ಬಳಿಗೆ ಯಾರೂ ಬಾರದಂತೆ ತಡೆಯಲು ಅದನ್ನು ಬಳಸುತ್ತಿದೆ ಎಂಬುದು ಕಥೆಯ ಕೊನೆಗೆ ಬಯಲಾಗುತ್ತದೆ. ಎಚ್ಚರಿಸಬೇಕಾದ ನೆಲೆ ಹೀಗೆ ಮರೆಮಾಚುವ ನೆಲೆಯಾಗಿದೆ. ಹದಿಮೂರು ವರ್ಷ ಜಗತ್ತಿನ ಕಿವಿಯಲ್ಲಿ ಬಡಿಯುತ್ತಿದ್ದರೂ ತಾನಾರೆಂದು ಹೇಳದ ಸಂಕೇತದಿಂದ ಹುಟ್ಟಿದ ಕಲ್ಪನೆಗೆ ಈ ತಿರುವು ಸಹಜವಾಗಿಯೇ ಒಪ್ಪುತ್ತದೆ.

ದೂರದಿಂದಲೇ ಆಳುವ ನೆಲೆ

ಆಟದ ಅತ್ಯುತ್ತಮ ಕೆಲಸ ನಡೆದಿರುವುದು ಆಟಗಾರ ರೇಡಾರ್ ತಲುಪುವುದಕ್ಕೆ ಬಹಳ ಮೊದಲು. ದಕ್ಷಿಣದ ಮೊದಲ ಊರಿನಲ್ಲಿಯೇ ಉತ್ತರಕ್ಕೆ ದಾರಿ ಮುಚ್ಚಿದೆ ಎಂಬ ತಿಳಿವಳಿಕೆ ಎಲ್ಲರಲ್ಲೂ ಇದೆ. ಸ್ಟಾಕರ್‌ಗಳು, ಅಂದರೆ ವಲಯದೊಳಗೆ ನುಸುಳಿ ಅಲೆಯುವವರು, ಎಲ್ಲಿ ತಂಗುತ್ತಾರೆ, ಯಾವ ಬಣ ಯಾವ ದಾರಿಯನ್ನು ಹಿಡಿದುಕೊಂಡಿದೆ, ವ್ಯಾಪಾರಿಗಳು ಏನನ್ನು ಆಸೆಪಡುತ್ತಾರೆ ಎಂಬುದೆಲ್ಲ ಈ ಒಂದು ಅಡ್ಡಿಯ ಸುತ್ತ ರೂಪುಗೊಂಡಿದೆ. ಸೇನಾ ಗೋದಾಮುಗಳ ಪ್ರದೇಶದಲ್ಲಿ ಬ್ಯಾರಿಯರ್ ಎಂಬ ಕಾವಲು ಠಾಣೆಯೊಂದಿದೆ. ಅಲ್ಲಿ ಫ್ರೀಡಂ ಬಣದವರು ಉತ್ತರದ ಕಡೆಯಿಂದ ಇಳಿದು ಬರುವ, ವಲಯದ ಕೇಂದ್ರವನ್ನು ಕಾಯುವ ಮೊನೊಲಿತ್ ಬಣದ ದಾಳಿಗಳನ್ನು ತಡೆಯುತ್ತಾರೆ. ಯಂತ್ರ ಅಲ್ಲಿಂದ ಕಾಣಿಸುವುದಿಲ್ಲ. ಅದರ ಪರಿಣಾಮ ಮಾತ್ರ ಆ ಬಂದೂಕುಗಳ ಮುಖ ಯಾವ ಕಡೆಗಿದೆ ಎಂಬುದರಲ್ಲಿ ಗೊತ್ತಾಗುತ್ತದೆ.

ಬುದ್ಧಿಯನ್ನು ಅಳಿಸುವ ಈ ಮನೋವಿಕಿರಣದ ಮೊದಲ ನೇರ ಅನುಭವ ಆಟಗಾರನಿಗೆ ಆಗುವುದೂ ಬೇರೊಂದು ಜಾಗದಲ್ಲಿ. ಯಾಂತಾರ್ ಎಂಬ ಬತ್ತಿದ ಕೆರೆಯ ಬಳಿ ಸಖರೋವ್ ಎಂಬ ವಿಜ್ಞಾನಿ ತಯಾರಿಸಿದ ರಕ್ಷಾ ಶಿರಸ್ತ್ರಾಣವನ್ನು ಧರಿಸಿ ಎಕ್ಸ್-16 ಎಂಬ ಭೂಗತ ಪ್ರಯೋಗಾಲಯಕ್ಕೆ ಇಳಿಯಬೇಕು. ಅಲ್ಲಿರುವುದು ಅದೇ ಬಗೆಯ ಇನ್ನೊಂದು ಯಂತ್ರ. ಅದರ ಸುತ್ತ ಬುದ್ಧಿಗೆಟ್ಟ ಮನುಷ್ಯರು ಹಳೆಯ ಅಭ್ಯಾಸಬಲದಿಂದ ಬಂದೂಕು ಹಿಡಿದು ತೊದಲುತ್ತ ಅಲೆಯುತ್ತಾರೆ. ಸ್ಕಾರ್ಚರ್ ಏನು ಮಾಡಬಲ್ಲದು ಎಂಬುದಕ್ಕೆ ಈ ಜನರೇ ಸಾಕ್ಷಿ. ಕತ್ತಲಿನಿಂದ ಹಾರುವ ಪ್ರಾಣಿಗಿಂತ ಈ ತೊದಲು ಮಾತು ಹೆಚ್ಚು ನಡುಗಿಸುತ್ತದೆ ಎಂದು ನನಗೆ ಅನ್ನಿಸಿದೆ. ಏಕೆಂದರೆ ರೇಡಾರಿನ ದಾರಿ ಹಿಡಿದಾಗ ಆಟಗಾರನಿಗೆ ತನ್ನ ಮುಂದಿರುವುದು ಸಾವಿಗಿಂತ ಬೇರೆಯದು ಎಂಬುದು ಆ ವೇಳೆಗೆ ಮನದಟ್ಟಾಗಿರುತ್ತದೆ.

ರೇಡಾರ್ ಪ್ರದೇಶದೊಳಗೆ ಹೋದ ಮೇಲೆ ಯಂತ್ರ ಪರದೆಯ ಮೇಲೆಯೇ ಕೈಯಿಡುತ್ತದೆ. ಆಂಟೆನಾಗಳು ಸಮೀಪಿಸಿದಂತೆ ಬಣ್ಣ ಕೆಡುತ್ತದೆ, ದೃಶ್ಯ ಅಲುಗುತ್ತದೆ, ಗಾಳಿಯಲ್ಲಿ ಗುಂಯ್‌ಗುಡುವಿಕೆ ಏರುತ್ತದೆ, ಇಲ್ಲದ ರೂಪಗಳು ಎದುರಿಗೆ ಓಡಿಬಂದು ಮೈಗೆ ತಾಗಿ ಕರಗುತ್ತವೆ. ಇದೇ ಹೊತ್ತಿನಲ್ಲಿ ಮೊನೊಲಿತ್ ಬಣದ ನಿಜವಾದ ಬಂದೂಕುಧಾರಿಗಳೂ ಗುಂಡು ಹಾರಿಸುತ್ತಿರುತ್ತಾರೆ. ಯಾವುದು ನಿಜವಾದ ಬೆದರಿಕೆ, ಯಾವುದು ಯಂತ್ರ ತೋರಿಸುತ್ತಿರುವ ಹುಸಿ ಎಂದು ಕ್ಷಣಾರ್ಧದಲ್ಲಿ ವಿಂಗಡಿಸುವ ಈ ಇಕ್ಕಟ್ಟು, ಮುನ್ನೆಚ್ಚರಿಕೆ ನೆಲೆಯ ಪರದೆಯ ಮುಂದೆ ಕೂತವನ ಇಕ್ಕಟ್ಟಿಗೆ ತುಂಬ ಹತ್ತಿರದ್ದು. ಆಟದ ತಂಡ ಈ ಹೋಲಿಕೆಯನ್ನು ಉದ್ದೇಶಿಸಿತ್ತೇ ಎಂಬುದು ಇಲ್ಲಿ ಮುಖ್ಯವಲ್ಲ. ಆಡುವವನ ಕೈಗೆ ಅದು ಸಿಗುತ್ತದೆ.

ಸ್ವಿಚ್ ಎಳೆದ ಮೇಲೆ

ಆಂಟೆನಾಗಳ ನಿಯಂತ್ರಣ ಎಕ್ಸ್-10 ಎಂಬ ಭೂಗತ ಪ್ರಯೋಗಾಲಯದಲ್ಲಿದೆ. ಒಳಗಿನ ಹೋರಾಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕತ್ತಲೆಯ ಮೊಗಸಾಲೆಗಳನ್ನು ದಾಟಿ, ಯಂತ್ರವನ್ನು ಬಂದ್ ಮಾಡಿ, ಎದುರಾಗುವ ಮೊನೊಲಿತ್ ದಳವನ್ನು ಭೇದಿಸಿ ಹೊರಬರಬೇಕು. ಈ ಪ್ರಕರಣದ ತಿರುಳು ಇರುವುದು ಅದರ ಮುಂದಿನ ಬೆಳವಣಿಗೆಯಲ್ಲಿ.

ಯಂತ್ರ ನಿಂತಿತೆಂಬ ಸುದ್ದಿ ಹರಡುತ್ತಲೇ ಇಡೀ ವಲಯದ ಸಮತೋಲ ಕದಡುತ್ತದೆ. ಇಷ್ಟು ದಿನ ಗಡಿಯಲ್ಲಿ ಕಾದಿದ್ದವರು ಒಮ್ಮೆಗೇ ಉತ್ತರಕ್ಕೆ ನುಗ್ಗುತ್ತಾರೆ. ಪ್ರಿಪ್ಯಾತಿನ ಬಾಗಿಲಲ್ಲಿ ಆಟಗಾರನಿಗೆ ಸ್ಟಾಕರ್‌ಗಳ ಗುಂಪೊಂದು ಎದುರಾಗುತ್ತದೆ. ಸ್ಥಾವರದ ಮುಂದೆ ಸರಕಾರಿ ಸೇನೆ ಹೆಲಿಕಾಪ್ಟರ್ ಸಮೇತ ಬಂದಿಳಿದಿರುತ್ತದೆ. ಯಾರೂ ಆಟಗಾರನ ಅಪ್ಪಣೆಗೆ ಕಾದಿರಲಿಲ್ಲ. ಒಂದು ನೆಲೆ ಕೆಲಸ ನಿಲ್ಲಿಸಿತು ಎಂಬ ತಿಳಿವಳಿಕೆಯೇ ಅವರೆಲ್ಲರನ್ನೂ ಏಕಕಾಲಕ್ಕೆ ಹೊರಡಿಸಿತು.

ಪರಮಾಣು ಯುಗದ ತರ್ಕ ಬಲ್ಲವರಿಗೆ ಈ ದೃಶ್ಯ ಅಪರಿಚಿತವೆನಿಸದು. ಎರಡು ಕಡೆಯವರೂ ಪರಸ್ಪರ ನೋಡಬಲ್ಲರು, ಆದ್ದರಿಂದ ಯಾರೂ ಕದ್ದು ಮೊದಲ ಏಟು ಹೊಡೆಯಲಾರರು ಎಂಬ ನಂಬಿಕೆಯ ಮೇಲೆ ಆ ಕಾಲದ ಶಾಂತಿ ನಿಂತಿತ್ತು. ಒಂದು ಕಡೆಯ ಕಣ್ಣು ಕುರುಡಾದರೆ, ಅಥವಾ ಕುರುಡಾಯಿತೆಂಬ ಶಂಕೆ ಬಂದರೂ, ಕಾಯುವುದಕ್ಕಿಂತ ಮುನ್ನುಗ್ಗುವುದೇ ಜಾಣತನ ಎಂದು ಎರಡೂ ಕಡೆಯವರಿಗೆ ತೋರುವ ಅಪಾಯವಿತ್ತು. ಆದ್ದರಿಂದಲೇ ಮುನ್ನೆಚ್ಚರಿಕೆ ನೆಲೆ ಗುಂಡು ಹಾರಿಸದಿದ್ದರೂ ಯುದ್ಧತಂತ್ರದ ಕೇಂದ್ರದಲ್ಲಿತ್ತು. ‘ಸ್ಟಾಕರ್’ ಈ ಪಾಠವನ್ನು ಎಲ್ಲಿಯೂ ಮಾತಿನಲ್ಲಿ ಹೇಳುವುದಿಲ್ಲ. ಸ್ವಿಚ್ ಎಳೆದದ್ದು ವಿಜಯ ಎಂದುಕೊಂಡು ಹೊರಬಂದ ಆಟಗಾರ, ತಾನು ತೆರೆದ ಬಾಗಿಲಿನಿಂದ ಎಲ್ಲರೂ ಸಾಯಲು ನುಗ್ಗುತ್ತಿರುವುದನ್ನು ತಾನೇ ನೋಡುತ್ತಾನೆ. ಆ ಸ್ವಿಚ್ ಎಳೆಯುವವನು ತನ್ನ ನೆನಪನ್ನೇ ಕಳೆದುಕೊಂಡವನು, ಹಿಂದೊಮ್ಮೆ ವಲಯದ ಕೇಂದ್ರ ತಲುಪಿ ಸಿಕ್ಕಿಬಿದ್ದ ಸ್ಟ್ರೆಲೋಕ್ ಎಂಬಾತನೇ ತಾನೆಂದು ಅರಿಯದವನು ಎಂಬುದು ಈ ಘಟನೆಯ ಭಾರವನ್ನು ಇನ್ನೂ ಹೆಚ್ಚಿಸುತ್ತದೆ.

ಬಿಟ್ಟುಹೋದ ಸಂಗತಿ

ಇಷ್ಟಾದರೂ ಮುನ್ನೆಚ್ಚರಿಕೆ ನೆಲೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಭೀಕರವಾದದ್ದಕ್ಕೆ ಈ ಆಟದಲ್ಲಿ ಜಾಗ ಸಿಕ್ಕಿಲ್ಲ. ಅದು ತಪ್ಪು ಎಚ್ಚರಿಕೆ.

1960ರ ಅಕ್ಟೋಬರ್ 5ರಂದು ಗ್ರೀನ್‌ಲೆಂಡಿನ ಥೂಲೆಯಲ್ಲಿದ್ದ ಅಮೆರಿಕದ ಹೊಸ ರೇಡಾರ್, ನಾರ್ವೆಯ ದಿಗಂತದ ಮೇಲೆ ಏರುತ್ತಿದ್ದ ಚಂದ್ರನ ಪ್ರತಿಫಲನವನ್ನು ಕ್ಷಿಪಣಿ ದಾಳಿಯೆಂದು ವರದಿ ಮಾಡಿತು. 1979ರ ನವೆಂಬರ್ 9ರಂದು ಉತ್ತರ ಅಮೆರಿಕದ ವಾಯುರಕ್ಷಣಾ ಕೇಂದ್ರದ ಕಂಪ್ಯೂಟರಿನಲ್ಲಿ ತರಬೇತಿಗಾಗಿ ಸಿದ್ಧಪಡಿಸಿದ ದಾಳಿಯ ದೃಶ್ಯ ನಿಜವಾದ ಮಾಹಿತಿಯಂತೆ ಪರದೆಗಳಿಗೆ ಹರಿಯಿತು. 1983ರ ಸೆಪ್ಟೆಂಬರ್ 26ರ ರಾತ್ರಿ ಮಾಸ್ಕೋ ಬಳಿಯ ಸೆರ್ಪುಖೋವ್-15 ನೆಲೆಯಲ್ಲಿ ಉಪಗ್ರಹ ವ್ಯವಸ್ಥೆ ಮೊದಲು ಒಂದು, ಬಳಿಕ ಒಟ್ಟು ಐದು ಕ್ಷಿಪಣಿಗಳು ಅಮೆರಿಕದಿಂದ ಹೊರಟಿವೆ ಎಂದಿತು. ಕರ್ತವ್ಯದಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೋವ್, ಯುದ್ಧ ಆರಂಭಿಸುವವರು ಐದೇ ಕ್ಷಿಪಣಿಗಳಿಂದ ಆರಂಭಿಸಲಾರರು ಎಂದು ತರ್ಕಿಸಿದರು. ನೆಲದ ಮೇಲಿನ ರೇಡಾರುಗಳಲ್ಲಿಯೂ ಅದಕ್ಕೆ ಪುಷ್ಟಿ ಸಿಗಲಿಲ್ಲ. ಅವರು ಅದನ್ನು ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲಿನ ಹೊಳಪು ಉಪಗ್ರಹವನ್ನು ಮೋಸಗೊಳಿಸಿತ್ತು.

ದುಗಾ ಕೂಡ ಇಂಥ ಸಂದೇಹದಿಂದ ಹೊರತಾಗಿರಲಿಲ್ಲ. ಅಮೆರಿಕದ ಕಡೆಗೆ ಹೋಗುವ ಅದರ ಅಲೆಗಳು ಧ್ರುವ ಪ್ರದೇಶದ ಮೂಲಕ ಸಾಗಬೇಕಿತ್ತು, ಮತ್ತು ಧ್ರುವಪ್ರಭೆಯ ಕೆಳಗೆ ಅಯಾನುಗೋಳ ಸದಾ ಅಸ್ಥಿರ. ಎಂಜಿನಿಯರುಗಳು ವರ್ಷಗಟ್ಟಲೆ ಹೋರಾಡಿದ್ದು ಈ ಅಸ್ಥಿರತೆಯೊಂದಿಗೆ. ಚೆರ್ನೋಬಿಲ್-2ರ ಕೋಣೆಗಳಲ್ಲಿ ಕೂತವರ ನಿತ್ಯದ ಕೆಲಸ, ಗದ್ದಲದ ನಡುವೆ ಕಾಣಿಸಿದ್ದು ಪ್ರಕೃತಿಯೋ ಶತ್ರುವೋ ಎಂದು ನಿರ್ಧರಿಸುವುದಾಗಿತ್ತು.

ವಿಡಿಯೋ ಗೇಮ್‌ಗಳು ಈ ಸಂದೇಹವನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. 2006ರಲ್ಲಿ ಬ್ರಿಟನ್ನಿನ ಇಂಟ್ರೊವರ್ಷನ್ ಸಂಸ್ಥೆ ಹೊರತಂದ ‘ಡೆಫ್‌ಕಾನ್’ ಆಟದ ವಸ್ತುವೇ ಪರಮಾಣು ಯುದ್ಧ. ಆಟಗಾರ ರೇಡಾರ್ ನೆಲೆಗಳನ್ನು ತಾನೇ ಸ್ಥಾಪಿಸುತ್ತಾನೆ, ಅವುಗಳ ವ್ಯಾಪ್ತಿಯೊಳಗೆ ಬಂದದ್ದು ನಕ್ಷೆಯ ಮೇಲೆ ಮೂಡುತ್ತದೆ. ಅಷ್ಟು ಗಂಭೀರವಾದ ಆಟದಲ್ಲಿಯೂ ರೇಡಾರ್ ಸುಳ್ಳು ಹೇಳುವುದಿಲ್ಲ. ತೆರೆಯ ಮೇಲಿನ ಮಾಹಿತಿ ತಪ್ಪಾಗಿದ್ದರೆ ಆಟಗಾರ ತನಗೆ ಅನ್ಯಾಯವಾಯಿತೆಂದು ಬಗೆಯುತ್ತಾನೆ ಎಂಬ ಅಂಜಿಕೆ ವಿನ್ಯಾಸಕರಿಗಿರುವುದು ಸಹಜ. ಆದರೆ ‘ಸ್ಟಾಕರ್’ಗೆ ಆ ಅಂಜಿಕೆ ಬೇಕಿರಲಿಲ್ಲ. ಹುಸಿ ರೂಪಗಳನ್ನು ತೋರಿಸಿ ಆಟಗಾರನ ಕಣ್ಣನ್ನೇ ನಂಬಲಾಗದಂತೆ ಮಾಡುವ ಧೈರ್ಯ ಅದು ಆಗಲೇ ತೋರಿತ್ತು. ಆ ಹುಸಿ ರೂಪಗಳು ತಾಗಿದ ಕೂಡಲೇ ಕರಗಿ ತಮ್ಮ ಗುಟ್ಟನ್ನು ಬಿಟ್ಟುಕೊಡುತ್ತವೆ ಎಂಬುದಷ್ಟೇ ಕೊರತೆ. ತಪ್ಪಾಗಿ ಗುಂಡು ಹಾರಿಸಿದ್ದಕ್ಕೆ ಆಟಗಾರ ತೆರಬೇಕಾದ ಬೆಲೆ ಕೆಲವು ಗುಂಡುಗಳು ಮಾತ್ರ.

ಎಕ್ಸ್-10ರ ನಿಯಂತ್ರಣ ಭಾಗದ ಬಗ್ಗೆ ನನ್ನ ಆಕ್ಷೇಪವೂ ಇದೇ ಬಗೆಯದು. ಅಲ್ಲಿ ಒಂದು ಕೆಲಸವಿದೆ, ಆಯ್ಕೆಯಿಲ್ಲ. ಯಂತ್ರವನ್ನು ನಿಲ್ಲಿಸಿದರೆ ಹೊರಗೆ ಏನಾಗಬಹುದು ಎಂಬ ಸುಳಿವು ಆ ಗಳಿಗೆಯಲ್ಲಿ ಆಟಗಾರನಿಗೆ ಸಿಗುವುದಿಲ್ಲ, ಸಿಕ್ಕರೂ ಹಿಂದಿರುಗಿ ಹೋಗುವ ದಾರಿಯಿಲ್ಲ. ಬ್ಯಾರಿಯರ್ ಠಾಣೆಯಿಂದಲೋ ಯಾಂತಾರಿನಿಂದಲೋ ಪರಸ್ಪರ ಹೊಂದದ ಎರಡು ರೇಡಿಯೋ ವರದಿಗಳು ಆ ಕೋಣೆಗೆ ಬಂದಿದ್ದರೆ, ಒಂದು ವರದಿ ಯಂತ್ರ ನಿಂತರೆ ಒಳಗಿರುವುದು ಹೊರಗೆ ಬರುತ್ತದೆ ಎಂದೂ ಇನ್ನೊಂದು ಅದು ಬರಿಯ ವದಂತಿ ಎಂದೂ ಹೇಳಿದ್ದರೆ, ಯಾವುದನ್ನು ನಂಬಬೇಕೆಂದು ಆಟಗಾರನೇ ತೀರ್ಮಾನಿಸಿ ಸ್ವಿಚ್ಚಿಗೆ ಕೈಯಿಡಬೇಕಾಗುತ್ತಿತ್ತು. ಆಟ ಕೊನೆಯಲ್ಲಿ ಹಲವು ಮುಕ್ತಾಯಗಳನ್ನು ಇಟ್ಟುಕೊಂಡಿದೆ, ಆಟಗಾರನ ಹಣ ಮತ್ತು ನಡವಳಿಕೆಯ ಆಧಾರದ ಮೇಲೆ ಅವುಗಳಲ್ಲಿ ಒಂದನ್ನು ನೀಡುತ್ತದೆ. ಆ ಲೆಕ್ಕದಲ್ಲಿ ಈ ತೀರ್ಮಾನಕ್ಕೂ ಒಂದು ಸ್ಥಾನ ಕೊಡಬಹುದಿತ್ತು.

2024ರ ನವೆಂಬರ್‌ನಲ್ಲಿ ಬಂದ ‘ಸ್ಟಾಕರ್ 2: ಹಾರ್ಟ್ ಆಫ್ ಚೊರ್ನೋಬಿಲ್’ನಲ್ಲಿ ದುಗಾ ತನ್ನ ಸ್ವಂತ ಹೆಸರಿನಲ್ಲಿಯೇ ಒಂದು ಪ್ರದೇಶವಾಗಿದೆ. ಕಾಡಿನ ಮೇಲೆ ಎದ್ದು ನಿಂತ ಉಕ್ಕಿನ ಆ ಗೋಡೆಯನ್ನು ಈಗ ದೂರದಿಂದಲೇ ಗುರುತಿಸಬಹುದು. ಹೊಸ ಆಟಗಾರರಲ್ಲಿ ಅನೇಕರು ನಿಜವಾದ ರೇಡಾರಿನ ಬಗ್ಗೆ ಮೊದಲು ತಿಳಿಯುವುದು ಇಲ್ಲಿಂದಲೇ ಆದ್ದರಿಂದ, ಲ್ಯುಬೆಚ್‌ನಲ್ಲಿ ಪ್ರಸಾರಕವಿತ್ತು, ಚೆರ್ನೋಬಿಲ್-2ರಲ್ಲಿ ಆಲಿಸುವವರಿದ್ದರು ಎಂಬ ಸಂಗತಿ ಆಟದೊಳಗೆ ಎಲ್ಲಾದರೂ ಸಿಗುವ ಹಳೆಯ ಕಡತವೊಂದರಲ್ಲಿ ಇದ್ದರೂ ಸಾಕು, ಕಥೆಯ ಭಯಕ್ಕೆ ಅದರಿಂದ ಯಾವ ಕುಂದೂ ಬಾರದು.